ಒಂದೇ ಗುದ್ದಿಗೆ ಮುಗಿದ ಬಾಕ್ಸಿಂಗು

ನಾನು ಈವರೆಗೆ ಯಾರನ್ನೂ ಹೊಡೆದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಹೊಡೆದರೆ ತಿರುಗಿ ಹೊಡೆದಾರು ಎಂಬ ಮುಂದಾಲೋಚನೆ ನನಗೆ ಚಿಕ್ಕಂದಿನಿಂದಲೇ ಇದೆ. ಶಾಲೆಯ ಮಾಷ್ಟ್ರಾಗಿ ಕೈಯಲ್ಲಿ ಬೆತ್ತವಿದ್ದರೂ ಅದನ್ನು ಮೇಜಿಗೆ ಬಡಿದೇ ಇಷ್ಟು ವರ್ಷ ಕೆಲಸ ಸಾಗಿಸಿದ್ದೇನೆ. ನನ್ನ ಮೇಜು ತಿಂದಷ್ಟು ಪೆಟ್ಟನ್ನು ಕುಂದಾಪುರದ ಯಾವ ಪೋಕರಿಯೂ ತಿಂದಿರಲಾರ. ಇಂಥ ಶಾಂತಿಪ್ರಿಯನ ಜಗಲಿಯಲ್ಲಿ ಬಾಕ್ಸಿಂಗು ಬಂದು ಬಿಡಾರ ಹೂಡಿತೆಂದರೆ ಅದಕ್ಕೆ ಎರಡು ಕಾರಣ: ಒಂದು ಜಪಾನಿನವರ ಬಾಂಬು, ಇನ್ನೊಂದು ನನ್ನ ಮದುವೆ.

ಬಾಂಬೇನೂ ಬೀಳಲಿಲ್ಲ. ಬೊಂಬಾಯಿಗೆ ಬೀಳುತ್ತದಂತೆ ಎಂಬ ಸುದ್ದಿ ಬಿತ್ತು. ಅಷ್ಟಕ್ಕೇ ಅಲ್ಲಿಯ ಹೋಟೆಲುಗಳಲ್ಲಿದ್ದ ನಮ್ಮ ಕಡೆಯವರೆಲ್ಲ ಟ್ರಂಕು ಹೊತ್ತು ಊರಿಗೆ ಬಂದರು. ಅವರಲ್ಲಿ ನನ್ನ ಹೆಂಡತಿ ಗಿರಿಜೆಯ ತಮ್ಮ ವಾಸುವೂ ಒಬ್ಬ. ಬೆಳಿಗ್ಗೆಯಿಂದ ದೋಸೆ ಹೊಯ್ದು, ಬಿಡುವಾದಾಗ ಯಾವುದೋ ಅಖಾಡದಲ್ಲಿ ಬಾಕ್ಸಿಂಗು ಕಲಿತಿದ್ದನಂತೆ. ಬ್ರಹ್ಮಾವರದ ತಂದೆಯ ಮನೆಗೆ ಹೋದವನೇ ಒಂದು ಗೋಣಿಗೆ ಉಮಿ ತುಂಬಿ, ಮಾಡಿನ ತೊಲೆಗೆ ಕಟ್ಟಿ ಗುದ್ದತೊಡಗಿದ. ನನ್ನ ಮಾವ ಮೂರನೆಯ ದಿನವೇ, "ಈ ಮನಿಯಗೆ ಒಂದಾ ಗೋಣಿ ಇರ್ಕ್, ಇಲ್ದಿರೆ ನಾ ಇರ್ಕ್" ಎಂದುಬಿಟ್ಟರು. ಗೋಣಿ ನನ್ನ ಮನೆಗೆ ಬಂತು. ಅದರ ಹಿಂದೆಯೇ ವಾಸುವೂ ಬಂದ.

ಬೆಳಕು ಹರಿಯುವ ಮೊದಲೇ ಜಗಲಿಯಲ್ಲಿ ಧಬ್ ಧಬ್ ಶುರು. ಪ್ರತಿ ಗುದ್ದಿಗೂ ಹೆಂಚಿನ ಸಂದಿಯಿಂದ ಅಜ್ಜನ ಕಾಲದ ಧೂಳು ಉದುರುತ್ತಿತ್ತು, ಅದೂ ಸರಿಯಾಗಿ ನನ್ನ ಕಾಫಿಗೆ. ಯುದ್ಧದ ದೆಸೆಯಿಂದ ಸಕ್ಕರೆ ಸಿಗದೆ ಬೆಲ್ಲದ ಕಾಫಿ ಕುಡಿಯುತ್ತಿದ್ದ ಕಾಲ. ಧೂಳು ಬಿದ್ದರೂ ರುಚಿಯಲ್ಲಿ ಅಂಥ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಒಂದು ದಿನ ತಡೆಯಲಾರದೆ ಗಿರಿಜೆಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆಯೇ ಉತ್ತರ ಕೊಟ್ಟಳು: "ಹ್ವಾಯ್, ಅವ ಎಂತ ನಿಮ್ಗೆ ಹೊಡಿತ್ನಾ? ಗೋಣಿಗಲ್ದಾ ಹೊಡುದ್? ಮತ್ತೆ ಬೊಂಬಾಯಿಗ್ ಹೋಯಿ ಬಾಂಬಿಗ್ ತಲಿ ಕೊಡ್ಕಾ?"

ಅಲ್ಲಿಗೆ ಮಾತು ಮುಗಿಯಿತು. ಆದರೆ ಒಂದು ದಾರಿ ವಾಸುವೇ ತೋರಿಸಿದ. ಹೊಳೆಯ ಬದಿಯಲ್ಲಿ ಹಗ್ಗದ ಸಾಹುಕಾರರ ಖಾಲಿ ಗೋದಾಮೊಂದಿತ್ತು. ಕಲಿಯಲು ಹತ್ತಾರು ಜನ ಸೇರಿದರೆ ಅಲ್ಲಿ ಬಾಕ್ಸಿಂಗ್ ಶಾಲೆ ತೆರೆಯಬಹುದು. ಜನ ಸೇರಬೇಕಾದರೆ ಬಾಕ್ಸಿಂಗೆಂದರೇನೆಂದು ಊರಿಗೆ ಒಮ್ಮೆ ತೋರಿಸಬೇಕು. ಸೇರದಿದ್ದರೆ, "ನಾ ಬೊಂಬಾಯಿಗೇ ಹೋತೆ ಬಾವ, ಇಲ್ಲ್ ಕೂಕಂಡ್ ಎಂತ ಮಾಡುದು?" ಎಂದ. ಹೀಗೆ ಬಾಕ್ಸಿಂಗಿನ ಜನಪ್ರಿಯತೆಗೆ ನನ್ನ ಜಗಲಿ, ನನ್ನ ಕಾಫಿ, ನನ್ನ ಹೆಂಡತಿಯ ಕಣ್ಣೀರು ಮೂರೂ ಗಂಟುಬಿದ್ದವು. ಆ ಕ್ರೀಡೆಯ ಉದ್ಧಾರಕ್ಕೆ ನನ್ನಷ್ಟು ಮನಸಾರೆ ಹಾರೈಸಿದವರು ಅದು ಹುಟ್ಟಿದ ದೇಶದಲ್ಲೂ ಇರಲಿಕ್ಕಿಲ್ಲ.

ಎದುರಾಳಿಯೂ ಸಿಕ್ಕಿದ. ಉಪ್ಪುಂದದ ಮೀನುಗಾರರ ಮನೆಯ ನಾಗೇಶ. ಬೊಂಬಾಯಿಯ ಬಂದರಿನಲ್ಲಿ ಮೂಟೆ ಹೊತ್ತು ಗಟ್ಟಿಯಾದ ಆಳು, ವಾಸುವಿನ ಅಖಾಡದವನೇ. ಗಾಡಿ ಕಟ್ಟಿ ಡಂಗುರ ಹೊಡೆಸಿದೆವು. ಬ್ರಹ್ಮಾವರದ ಸಿಂಹಕ್ಕೂ ಉಪ್ಪುಂದದ ಹುಲಿಗೂ ಕಾಳಗ! ಸಿಂಹ ಯಾರು, ಹುಲಿ ಯಾರು ಎಂದು ಜನ ಕೇಳುವ ಮೊದಲೇ ನಾನು ಹೋಟೆಲಿನ ಬೆಂಚಿನಲ್ಲಿ ಕೂತು ವಿವರಿಸುತ್ತಿದ್ದೆ. ನಾನು ಬಾಕ್ಸಿಂಗು ನೋಡಿರಲಿಲ್ಲ. ಆದರೆ ನೋಡದ ವಸ್ತುವನ್ನು ವರ್ಣಿಸುವಾಗ ಸತ್ಯದ ಅಡ್ಡಿ ಇರುವುದಿಲ್ಲವಲ್ಲ! ಆನೆಗಳ ಕಾಳಗದಂತಿರುತ್ತದೆ, ಕಂಡವರು ಜನ್ಮದಲ್ಲಿ ಮರೆಯಲಾರರು ಎಂದೆಲ್ಲ ಹೇಳಿದೆ. ಶಿಳ್ಳೆ ಊದಲು, ಹತ್ತರವರೆಗೆ ತಪ್ಪದೆ ಎಣಿಸಲು ಬರುತ್ತದೆಂಬ ಯೋಗ್ಯತೆಯ ಮೇಲೆ ರೆಫ್ರಿಯೂ ನಾನೇ ಆದೆ.

ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಅಡಕೆ ಕಂಬ ಹುಗಿದು ನಾರಿನ ಹಗ್ಗ ಸುತ್ತಿದೆವು. ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ಗ್ಯಾಸ್‌ಲೈಟಿಲ್ಲ. ಸಂಜೆ ಬೆಳಕಿರುವಾಗಲೇ ಆಗಬೇಕು. ಆದರೆ ನಮ್ಮ ಜನಕ್ಕೆ ಗದ್ದೆಯಲ್ಲಿ ನಡೆಯುವುದೆಂದರೆ ಯಕ್ಷಗಾನದ ಆಟ, ಆಟವೆಂದರೆ ಬೆಳಗಿನವರೆಗೆ. ಚಾಪೆ, ಕಂಬಳಿ, ಎಲೆಯಡಿಕೆಯ ಸಂಚಿ, ತೊಟ್ಟಿಲ ಕೂಸು ಎಲ್ಲದರ ಸಮೇತ ಬಂದಿದ್ದರು. ಮಾವನವರು ದೋಣಿಯಲ್ಲಿ ಹೊಳೆ ದಾಟಿ ಬಂದು ಮುಂದಿನ ಸಾಲಿನಲ್ಲೇ ಕಾಲು ಮಡಚಿ ಕೂತಿದ್ದರು. ಆಟ ನೋಡುವುದರಲ್ಲಿ ಅವರದು ಎತ್ತಿದ ಕೈ. ವೇಷ ಬರುವ ಗತ್ತಿನಲ್ಲೇ ಅದರ ಯೋಗ್ಯತೆ ಅಳೆಯುವವರು.

ನಾನು ಶಿಳ್ಳೆ ಊದಿದೆ. ಇಬ್ಬರೂ ನಡುವಿಗೆ ಬಂದು ಕೈಗೆ ಕೈ ತಾಗಿಸಿದರು. ಮಾವನವರ ಹುಬ್ಬು ಅಲ್ಲಿಗೇ ಗಂಟಿಕ್ಕಿತು. ಆಮೇಲೆ ಒಂದು ಸುತ್ತು ಸುಳಿದರು. ವಾಸುವಿನ ಬಲಗೈ ಎಲ್ಲಿಂದ ಹೊರಟಿತೋ ನನಗೂ ಕಾಣಲಿಲ್ಲ. ನಾಗೇಶ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಗದ್ದೆಯ ಮೇಲೆ ಅಂಗಾತ ಬಿದ್ದಿದ್ದ. ನಾನು ಹತ್ತರವರೆಗೆ ಎಣಿಸಿದೆ. ಅವನು ಏಳಲಿಲ್ಲ. ಮುಗಿಯಿತು! ಹಿಂದಿನ ಸಾಲಿನವರು ಇನ್ನೂ ಚಾಪೆ ಬಿಚ್ಚುತ್ತಿದ್ದರು.

ಚಪ್ಪಾಳೆ ಬರುತ್ತದೆಂದು ನಾನು ವಾಸುವಿನ ಕೈಯನ್ನು ಮೇಲೆತ್ತಿದೆ. ಅದು ಬರಲಿಲ್ಲ. ಮಾವನವರು ಎದ್ದು ನಿಂತರು. "ಇದೆಂತ ಮಾರಾಯ್ರೆ! ಒಬ್ಬ್ರಿಗೊಬ್ಬ್ರ್ ಒಂದ್ ಮಾತ್ ಆಡ್ಲಿಲ್ಲೆ. ನೀ ಯಾರ್, ಯಾವ ಊರ್, ಎಂತಕೆ ಬಂದದ್ ಅಂದ್ ಕೇಂಬುದ್ ಬ್ಯಾಡ್ದಾ? ಬಂದವನಿಗೆ ಬಾಗ್ಲಗೇ ಹೊಡುದಾ?" ಅವರ ಮಾತಿನಲ್ಲಿ ನ್ಯಾಯವಿತ್ತು. ಆಟದಲ್ಲಿ ರಕ್ಕಸ ಸಾಯಬೇಕಾದರೆ ಮೊದಲು ಕುಣಿಯಬೇಕು, ತನ್ನ ಪ್ರತಾಪ ಹೇಳಬೇಕು, ಎದುರಾಳಿಯ ಅಜ್ಜನ ತನಕ ಹೀಯಾಳಿಸಬೇಕು. ಆಮೇಲೆ ಕೋಳಿ ಕೂಗುವ ಹೊತ್ತಿಗೆ ನಿಧಾನವಾಗಿ ಸಾಯಬೇಕು. ಇಲ್ಲಿ ಸಾಯುವ ಮರ್ಯಾದೆಯನ್ನೇ ಯಾರೂ ಪಾಲಿಸಲಿಲ್ಲ. ಗೆದ್ದ ವಾಸುವಿಗೇ ಎಲ್ಲರ ಬೈಗುಳ: "ಅಷ್ಟ್ ಬೇಗ ಎಂತಕೆ ಹೊಡ್ದೆ ಮಾರಾಯ? ನಿಂಗ್ ಎಂತ ಬಸ್ಸಿಗ್ ಹೋಪುದ್ ಇತ್ತಾ?" ಪುಕ್ಕಟೆ ನೋಡಿದವರ ಸಿಟ್ಟು ಯಾವಾಗಲೂ ಒಂದು ಕೈ ಹೆಚ್ಚೇ. ಇದರ ಮೇಲೆ ಉಪ್ಪುಂದದವರ ದಂಡು. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬೈಂದೂರಿನ ಬಸ್ಸು ಏರಿನಲ್ಲಿ ಕೈಕೊಟ್ಟು, ಅವರು ಅದನ್ನು ನೂಕಿ, ಹೊಳೆ ದಾಟಿ ಓಡೋಡಿ ಬರುವಾಗ ಅವರ ಹುಲಿ ಬದುವಿನ ಮೇಲೆ ಕೂತು ದವಡೆಗೆ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿತ್ತು.

ಆ ರಾತ್ರಿಯೇ ನಾನು ತೀರ್ಪು ಕೊಟ್ಟೆ: ಬಾಕ್ಸಿಂಗಿನ ಕತೆ ಇಲ್ಲಿಗೆ ಮುಗಿಯಿತು. ಅಷ್ಟು ಡಂಗುರ ಹೊಡೆಸಿ ಇಷ್ಟೇ ತೋರಿಸಿದರೆ ಜನ ಇನ್ನು ಆ ಕಡೆ ತಲೆ ಹಾಕಿಯೂ ಮಲಗಲಾರರು. ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಸದ್ದಿಲ್ಲ. ವಾಸು ಟ್ರಂಕಿನ ಮುಂದೆ ಕೂತು ಅಂಗಿ ಮಡಚುತ್ತಿದ್ದ. ಗಿರಿಜೆ ನನ್ನೆದುರು ಕಾಫಿ ಇಟ್ಟು ಒಳಗೆ ಹೋದಳು, ಕಣ್ಣು ಕೆಂಪಾಗಿತ್ತು. ಕಾಫಿಯಲ್ಲಿ ಒಂದು ಚೂರೂ ಧೂಳಿಲ್ಲ. ಬೇಕೆಂದು ದೇವರಿಗೆ ಹೇಳಿಕೊಂಡದ್ದೇ ಸಿಕ್ಕಿತ್ತು, ಆದರೆ ಲೋಟವನ್ನು ಹಾಗೆಯೇ ಪಕ್ಕಕ್ಕೆ ಸರಿಸಿದೆ. ಆ ಹಾಳು ಗೋಣಿ ಸುಮ್ಮನೆ ನೇತಾಡುವುದನ್ನು ನೋಡಿ ನನಗೆ ನಿಜವಾಗಿ ದುಃಖವಾಯಿತು.

ಆದರೆ ಅಂದು ಹೋಟೆಲಿಗೆ ಹೋದರೆ ಅಲ್ಲಿ ಬೇರೆ ಮಾತಿಲ್ಲ. ಒಬ್ಬ ವಾಸುವಿನ ಗುದ್ದು ಎಡಗೈಯದೆನ್ನುತ್ತಾನೆ, ಇನ್ನೊಬ್ಬ ಗುದ್ದೇ ತಾಗಿಲ್ಲ, ಗಾಳಿಗೇ ಬಿದ್ದನೆನ್ನುತ್ತಾನೆ. ಚೆನ್ನಾಗಿ ಆಗಿದ್ದರೆ "ಲಾಯ್ಕ್ ಆಯ್ತ್" ಎಂಬ ಒಂದು ಮಾತಿಗೆ ಮುಗಿಯಬೇಕಾದದ್ದು, ಕೆಟ್ಟದ್ದರಿಂದ ವಾರಗಟ್ಟಲೆ ಬೆಳೆಯಿತು. ಅಷ್ಟೇ ಅಲ್ಲ. ದೋಣಿ ನಡೆಸುವ ಸೂರ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದ: "ಮಾಷ್ಟ್ರೆ, ಬಾಕ್ಸಿಂಗ್ ಅಂದ್ರೆ ಅಷ್ಟೇಯಾ? ಒಂದ್ ಗುದ್ದ್ ಅಲ್ದಾ? ಅದ್ ನಂಗೂ ಬತ್ತ್!" ಹಾಗೆಯೇ ಅಂಗಡಿಯವನಿಗೂ ಬರುತ್ತಿತ್ತು, ಕೋರ್ಟಿನ ಗುಮಾಸ್ತನಿಗೂ ಬರುತ್ತಿತ್ತು. ಒಳ್ಳೆಯ ಕಾಳಗ ನೋಡಿದವನು ಬೆಚ್ಚಿ ದೂರ ನಿಲ್ಲುತ್ತಾನೆ. ಕೆಟ್ಟದ್ದನ್ನು ನೋಡಿದವನಿಗೆ ತಾನೇ ವಾಸಿ ಎನಿಸುತ್ತದೆ. ಶನಿವಾರದ ಹೊತ್ತಿಗೆ ಗೋದಾಮು ತುಂಬಿತು, ಉಪ್ಪುಂದದಿಂದ, "ನಾವ್ ಕಾಣ್ಲೇ ಇಲ್ಲೆ, ಇನ್ನೊಂದ್ ಸಲ ಆಯ್ಕ್" ಎಂದು ಹೇಳಿಕೆಯೂ ಬಂತು. ವಾಸು ಟ್ರಂಕಿನಿಂದ ಅಂಗಿ ಹೊರತೆಗೆದ. ಗೋಣಿ ಗೋದಾಮಿಗೆ ಹೋಯಿತು. ಗಿರಿಜೆ ಅಂದು ಪಾಯಸ ಮಾಡಿದಳು.

ಜಗಲಿ ನನಗೆ ಸಿಕ್ಕಿತು, ಎರಡು ದಿನದ ಮಟ್ಟಿಗೆ. ಮೂರನೆಯ ದಿನ ಮಾವನವರು ಹಾಸಿಗೆ ಸುರುಳಿಯೊಂದಿಗೆ ಬಂದಿಳಿದರು. "ಹುಡ್ಗ್ರಿಗೆ ಹೊಡೂಕ್ ಬತ್ತ್, ಮಾತ್ ಬತ್ತಿಲ್ಲೆ. ನಾ ಕಲ್ಸ್ತೆ" ಎಂದರು. ಅವರ ಕಾನೂನು ಹೀಗೆ: ಹಗ್ಗದೊಳಗೆ ಬಂದವನು ತನ್ನ ಪ್ರತಾಪ ಹೇಳಬೇಕು, ಎದುರಾಳಿಯ ಮಾತು ಮುಗಿಯುವ ತನಕ ಯಾರೂ ಕೈ ಎತ್ತಕೂಡದು. ಈಗ ನಸುಕಿನಿಂದಲೇ ಜಗಲಿಯಲ್ಲಿ ಆರ್ಭಟೆ. ಗೋಣಿಗಾದರೂ ಬಾಯಿರಲಿಲ್ಲ. ಅಭ್ಯಾಸಕ್ಕೆ ಎದುರು ನಿಂತು ವಾದಿಸಲು ಒಬ್ಬ ಬೇಕೆಂದಾಗ ಒಳಗಿನಿಂದ ಗಿರಿಜೆಯ ಧ್ವನಿ ಬಂತು: "ಅಪ್ಪಯ್ಯ, ನಮ್ಮನಿಯವ್ರ್ ಇದ್ರಲ್ದಾ? ಹೊಡೂಕ್ ಬತ್ತಿಲ್ಲೆ ಅಂಬುದ್ ಬಿಟ್ರೆ, ಮಾತಿಗ್ ಬರ ಇಲ್ಲೆ."

ಜಗಲಿಯ ಈ ಅಭ್ಯಾಸ ಊರಿಗೆ ರುಚಿಸಿ ಗದ್ದೆಗೇ ಏರಿತು. ಹಾಗಾಗಿ ಪ್ರತಿ ಭಾನುವಾರ ಸಂಜೆ ಹಗ್ಗದೊಳಗೆ ವಾಸುವಿನ ಎದುರು ನಿಲ್ಲುವವನು ನಾನು. ಕುಂದಾಪುರಕ್ಕೆ ಕುಂದಾಪುರವೇ ಬರುತ್ತದೆ. ನಾನು ಬಾಯಿ ತೆರೆದರೆ ಹೊತ್ತು ಮುಳುಗುವ ತನಕ ನಿಲ್ಲಿಸುವುದಿಲ್ಲ. ಕತ್ತಲಾಯಿತೆಂದರೆ ಎಣ್ಣೆಯಿಲ್ಲ, ದೀಪವಿಲ್ಲ, ಕಾಳಗವೂ ಇಲ್ಲ. ಮಾಷ್ಟ್ರ ವಾಗ್ಝರಿಗೆ ಮಾವನವರೇ ತಲೆದೂಗುತ್ತಾರೆ. ಅದು ಎಲ್ಲಿಂದ ಹರಿಯುತ್ತದೆಂದು ಬಲ್ಲವನು ನಾನೊಬ್ಬನೇ. ಇಂದೂ ಭಾನುವಾರ. ವಾಸು ಆಗಲೇ ಬಂದು ಬಾಗಿಲಲ್ಲಿ ನಿಂತು, "ಹೋಪನಾ ಬಾವ?" ಎನ್ನುತ್ತಿದ್ದಾನೆ. ಈ ಪ್ರಬಂಧವೊಂದು ಮುಗಿಯಲಿ ಎಂದೆ. ಅವನು ಅಂಗಳಕ್ಕಿಳಿದು ಪಡುವಣ ಆಕಾಶ ನೋಡಿದ. ನಾನೂ ಕಿಟಕಿಯಿಂದ ನೋಡಿದೆ. ಛೇ, ಇನ್ನೂ ಬೇಕಾದಷ್ಟು ಬೆಳಕಿದೆ.