ಎಂಜಿನ್ನಿಗೆ ಹೊಳೆ ನೀರು, ಅತ್ತೆಗೆ ಸವಳು ನೀರು

ಇಡೀ ಗಂಗಾವತಿಯಲ್ಲಿ ನೀರಿನ ರುಚಿ ಬಲ್ಲವನು ನಮ್ಮ ಸೋದರಮಾವನೊಬ್ಬನೇ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಆ ರುಚಿ ನೋಡುತ್ತಿದ್ದುದು ತನಗಾಗಿ ಅಲ್ಲ, ಎಂಜಿನ್ನಿಗಾಗಿ! ಅಕ್ಕಿ ಗಿರಣಿಯ ಎಣ್ಣೆ ಎಂಜಿನ್ನು ನಡೆಸುವವನು ಅವನು. ಓಡುವ ಎಂಜಿನ್ನಿನ ಮೈ ಕಾಯುತ್ತದಲ್ಲವೆ? ಅದನ್ನು ತಂಪಾಗಿಡಲು ಪಕ್ಕದ ತೊಟ್ಟಿಯ ನೀರು ಅದರ ಹೊಟ್ಟೆಯ ಸುತ್ತ ಹರಿಯುತ್ತಿರಬೇಕು. ಬಾವಿಯ ಉಪ್ಪುಪ್ಪಾದ ಸವಳು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆಂದು ಮಾವ ಚಕ್ಕಡಿಯಲ್ಲಿ ಪೀಪಾಯಿ ಇಟ್ಟು ತುಂಗಭದ್ರೆಯಿಂದ ನೀರು ತರಿಸುತ್ತಿದ್ದ. ಬೊಗಸೆಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, "ಹ್ಞಾಂ, ಹಾಕ್ರಿ" ಎಂದ ಮೇಲೆಯೇ ಅದು ತೊಟ್ಟಿಗೆ ಬೀಳಬೇಕು. ಮನೆಗೆ ಮಾತ್ರ ಅದೇ ಸವಳು ಬಾವಿ! ಆಗ ನಾನು ಆ ಊರಿನ ಸಾಲಿ ಮಾಸ್ತರ, ಉಣ್ಣುವುದು ಮಾವನ ಮನೆಯಲ್ಲಿ. ಆ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ ಎಂಬುದಕ್ಕೆ ನನ್ನ ಹಲ್ಲುಗಳೇ ಸಾಕ್ಷಿ.

ಅಮಾವಾಸ್ಯೆಗೆ ಗಿರಣಿ ಬಂದ್. ಆ ದಿನ ಹಳೆಯ ನೀರು ಬಿಟ್ಟು ಹೊಸದು ತುಂಬುವುದು ಮಾವನ ವ್ರತ. ಆದರೆ ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಯಾರೂ ನಲ್ಲಿ ಮುಟ್ಟುವಂತಿಲ್ಲ. ತಾಸಿಗೊಮ್ಮೆ ಬಂದು, ಮಕ್ಕಳ ಜ್ವರ ನೋಡುವಂತೆ ಕೈಯ ಹಿಂಬದಿಯನ್ನು ಅದರ ಮೈಗೆ ಹಿಡಿದು, "ಇನ್ನೂ ಕಾವೈತಿ" ಎಂದು ಹೊರಡುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವಸರಕ್ಕೆ ಬಿದ್ದು ಕಾದ ಎಂಜಿನ್ನಿಗೆ ತಣ್ಣೀರು ಸುರಿದಿದ್ದನಂತೆ. ಟಪ್ಪೆಂದು ಎಂಜಿನ್ನಿನ ತಲೆ ಸೀಳಿ, ಗಿರಣಿ ಎರಡು ತಿಂಗಳು ನಿಂತಿತ್ತು. ಆ ಸದ್ದು ಅವನ ಕಿವಿಯಿಂದ ಹೋಗಲೇ ಇಲ್ಲ.

ಅಂದಿನಿಂದ ಅವನಿಗೆ ಮನುಷ್ಯರೂ ಎಂಜಿನ್ನುಗಳೇ! ಗಿರಣಿಯ ಸಾವ್ಕಾರರು ಬಂದು ಕೂಗಾಡಿದರೆ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನೆ ಕೂಡುತ್ತಿದ್ದ. "ಉತ್ತರಾ ಯಾಕ ಕೊಡಲಿಲ್ಲ ಮಾಮಾ?" ಎಂದರೆ, "ಬಿಸಿ ಇದ್ದಾಗ ಹಾಕಿದ್ರ ಒಡೀತೈತೋ ಮಾಸ್ತರ" ಎನ್ನುತ್ತಿದ್ದ. ಸಾವ್ಕಾರರು ಕೂಗಿ ಕೂಗಿ ದಣಿದು ಹೋಗುತ್ತಿದ್ದರು. ನೌಕರಿ ಹೀಗೆಯೇ ಉಳಿದುಕೊಂಡು ಬಂದಿತ್ತು.

ಸಂಸಾರ ಮಾತ್ರ ಹಾಗೆ ಉಳಿಯಲಿಲ್ಲ. ಒಂದು ಅಮಾವಾಸ್ಯೆಗೆ ಹೊಳೆ ನೀರಿಗೂ ಎಂಜಿನ್ನಿನ ಒಳಗೆ ಕಟ್ಟಿದ್ದ ಅಷ್ಟಿಷ್ಟು ಸುಣ್ಣ ತೊಳೆಯಲು ಮಾವ ಅತ್ತೆಯ ವರ್ಷದ ಹುಣಸೆಹಣ್ಣಿನ ಗಡಿಗೆಯನ್ನೇ ಎತ್ತಿಕೊಂಡು ಹೋದ. ತಾಮ್ರದ ಕೊಡ ಹುಣಸೆಗೆ ಸ್ವಚ್ಛವಾಗುವುದಾದರೆ ಎಂಜಿನ್ನು ಯಾಕಾಗಬಾರದು? ಆಯಿತು, ಸುಣ್ಣವೆಲ್ಲ ಕರಗಿ ನೀರಿನೊಡನೆ ಹೊರಬಂತು. ಮನೆಯಲ್ಲಿ ಅತ್ತೆ ಕುದಿದಳು.

"ಬ್ಯಾಳಿ ಬೇಯಂಗಿಲ್ಲ, ಒಂದು ಕೊಡ ಹೊಳಿ ನೀರು ಕೊಡ್ರಿ ಅಂತ ಎಷ್ಟು ವರ್ಷದಿಂದ ಕೇಳಾಕ್ಹತ್ತೀನಿ. ಅದೆಲ್ಲಾ ಅದಕ್ಕ! ಈಗ ಹುಣಸಿಹಣ್ಣೂ ಅದಕ್ಕ! ಈ ಮನ್ಯಾಗ ನಾ ಯಾಕ ಇರಬೇಕ್ರಿ?"

ಮಾವ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಅತ್ತೆ ಗಂಟು ಕಟ್ಟಿಕೊಂಡು ಕುಷ್ಟಗಿಯ ತವರಿಗೆ ನಡೆದಳು.

"ಹೋಗಿ ಕರಕೊಂಡು ಬಾ ಮಾಮಾ" ಎಂದು ದಿನಾ ಹೇಳಿದೆ. "ಇನ್ನೂ ಕಾವೈತಿ" ಎಂಬುದೇ ಉತ್ತರ. ವಾರವಾಯಿತು, ತಿಂಗಳಾಯಿತು. ಅತ್ತೆ ಇನ್ನು ಬರಲಿಕ್ಕಿಲ್ಲ ಎಂದು ಓಣಿಯವರು ಮಾತಾಡತೊಡಗಿದರು. ಮಾವ ತಾನೇ ಬೇಳೆ ಬೇಯಿಸಿ, ಕಟಕಟ ಕಡಿದು ಉಣ್ಣುತ್ತಿದ್ದ. ಎರಡನೆಯ ತಿಂಗಳು ಒಂದು ಮುಂಜಾನೆ, ಕೊಡದ ತುಂಬ ಹೊಳೆ ನೀರು ಹಿಡಿದು, ಅದರ ಬಾಯಿಗೆ ಬಟ್ಟೆ ಕಟ್ಟಿ, "ನಡಿ ಮಾಸ್ತರ" ಎಂದ.

ಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ನನ್ನ ಸೌಜನ್ಯ! ನಡುದಾರಿಯಲ್ಲಿ ನಮ್ಮ ಬಸ್ಸಿನ ಎಂಜಿನ್ನು ಕುದಿದು ನಿಂತಿತು. ಸುತ್ತ ಒಂದು ಬಾವಿಯಿಲ್ಲ. ಜನರೆಲ್ಲ ಮಾವನ ತೊಡೆಯ ಮೇಲಿನ ಕೊಡವನ್ನು ನೋಡಿದರು. ಮಾವ ಇಡೀ ಬಸ್ಸಿನ ಜನರನ್ನು ಬಿಸಿಲಿನಲ್ಲಿ ಎರಡು ತಾಸು ಕಾಯಿಸಿದ, ಹತ್ತು ಸಲ ಕೈಯ ಹಿಂಬದಿ ಹಿಡಿದು ನೋಡಿದ, ಕೊನೆಗೆ ತಾನೇ ಅಷ್ಟೂ ನೀರು ಸುರಿದ.

ಕುಷ್ಟಗಿಯ ಬಾಗಿಲಲ್ಲಿ ಅತ್ತೆ ಕೊಡದೊಳಗೆ ಬಗ್ಗಿ ನೋಡಿದಳು.

"ಖಾಲಿ ಐತಲ್ರಿ?"

"ನಿನಗಂತನ ತಂದಿದ್ದೆ. ದಾರ್ಯಾಗ ಬಸ್ಸಿನ ಎಂಜಿನ್ನು..."

"ಅದಕ್ಕೂ ಕುಡಿಸಿ ಬಂದ್ರೇನು!" ಎಂದು ಅತ್ತೆ ನಕ್ಕೇಬಿಟ್ಟಳು. ನಗು ಅರ್ಧಕ್ಕೇ ನಿಂತಿತು. "ನಾ ಮೂರನೇ ದಿನಕ್ಕ ತಣ್ಣಗಾಗಿದ್ದೆನ್ರಿ. ಎಂಜಿನ್ನಾದರ ತಾಸಿಗೊಮ್ಮೆ ಮುಟ್ಟಿ ನೋಡ್ತೀರಿ. ನನ್ನ ನೋಡಾಕ ಒಂದಿನಾನೂ ಬರಲಿಲ್ಲಲ್ರಿ."

ನನಗೆ ಅಳು ಬಂತು. ಈ ಸಲ ಮಾವ ಎಲೆಯ ಚೀಲ ಬಿಚ್ಚಲಿಲ್ಲ. ಖಾಲಿ ಕೊಡವನ್ನು ಕಟ್ಟೆಯ ಮೇಲಿಟ್ಟು, ಅವಳ ತವರಿನವರೆಲ್ಲ ನೋಡುತ್ತಿರುವಂತೆಯೇ, ಕೈಯ ಹಿಂಬದಿಯನ್ನು ಅವಳ ಹಣೆಗೆ ಹಿಡಿದ. ಅತ್ತೆ ಆ ಕೈಯನ್ನು ಸರಿಸಲಿಲ್ಲ.