ಹಡಗಿನಲ್ಲೂ ದಸ್ತಿ ಹಾಸಿದ ಅಪ್ಪ

ನಮ್ಮಪ್ಪ ಜೀವಮಾನದಲ್ಲಿ ಒಂದು ಸಲವೂ ನಿಂತ ವಾಹನದಿಂದ ಇಳಿದವನಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ಬೇಕಾದರೆ ಅವ್ವನನ್ನು ಕೇಳಿ. ಮದುವೆಯ ದಿನ ದಿಬ್ಬಣದ ಟೆಂಪೋ ನಿಲ್ಲುವ ಮೊದಲೇ ಬಾಸಿಂಗ ಕಟ್ಟಿಕೊಂಡ ಮದುಮಗ ಕೆಳಕ್ಕೆ ಹಾರಿದ್ದನಂತೆ. ಬೀಗರು ಆರತಿ ಹಿಡಿದುಕೊಂಡು ಟೆಂಪೋದೊಳಗೆ ವರನನ್ನು ಹುಡುಕುತ್ತಿದ್ದರೆ, ವರ ಆಗಲೇ ಹಂದರದಲ್ಲಿ ಜಾಗ ಹಿಡಿದು ಕೂತಿದ್ದ!

ಇದಕ್ಕೆಲ್ಲ ಕಾರಣ ಮುಂಬಯಿಯ ಲೋಕಲ್ ರೈಲು. ವಿಜಯಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿಗೆ ಇಲ್ಲಿಗೆ ಬಂದ ಅಪ್ಪ, ನಿವೃತ್ತಿಯವರೆಗೂ ಪರೇಲಿನ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳನ್ನು ಒಗೆದು ಇಸ್ತ್ರಿ ಮಾಡಿದ. ಅವ್ವ ಅದೇ ಆಸ್ಪತ್ರೆಯಲ್ಲಿ ಆಯಾ. ಇಬ್ಬರೂ ಗೋರೆಗಾಂವ್‌ನಿಂದ ಹೊರಡುವ ಬೆಳಗಿನ ಲೋಕಲ್ ಹಿಡಿಯುತ್ತಿದ್ದರು. ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತದೆ. ನಿಲ್ಲುವುದರೊಳಗೆ ಹಾರಿ ಒಳಹೊಕ್ಕವನಿಗೆ ಸೀಟು. ನಿಂತ ಮೇಲೆ ಹತ್ತಿದವನಿಗೆ ಇತರರ ಮೊಣಕೈ. ಅಪ್ಪ ಹಾರುತ್ತಿದ್ದ. ಹಾರಿದವನೇ ತಾನೊಂದು ಸೀಟು ಹಿಡಿದು, ಪಕ್ಕದ ಕಿಟಕಿ ಸೀಟಿನ ಮೇಲೆ ದಸ್ತಿ ಹಾಸುತ್ತಿದ್ದ. ದಸ್ತಿ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಕರವಸ್ತ್ರ. ಲಾಂಡ್ರಿಯವನ ದಸ್ತಿ ಕೇಳಬೇಕೇ? ನಾಲ್ಕು ಮಡಿಕೆ, ಅಂಚು ಹಿಡಿದರೆ ಬೆರಳು ಕುಯ್ಯಬೇಕು. ಅದು ಬಿದ್ದ ಸೀಟು ಅವ್ವನದು.

"ಲೇಡೀಸ್ ಡಬ್ಬಿ ಇಲ್ಲೇನ್ ಯಪ್ಪಾ? ಅವ್ವ ಅಲ್ಲಿ ಯಾಕ ಹತ್ತಂಗಿಲ್ಲ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಅಲ್ಲಿ ನನ್ನ ದಸ್ತಿ ನಡಿಯಂಗಿಲ್ಲವ್ವಾ," ಎಂದಿದ್ದ.

ಎರಡು ವರ್ಷದ ಹಿಂದೆ ಈ ಹಾರಾಟ ವಿಲೆ ಪಾರ್ಲೆ ಸ್ಟೇಶನ್ನಿನಲ್ಲಿ ಮುಗಿಯಿತು. ಗಾಡಿ ನಿಲ್ಲುವ ಮೊದಲೇ ಇಳಿದ. ಪ್ಲಾಟ್‌ಫಾರ್ಮ್ ಅವನು ಅಂದುಕೊಂಡ ಜಾಗದಲ್ಲಿರಲಿಲ್ಲ. ಆಪರೇಶನ್ ಮಾಡಿ ಮೊಣಕಾಲಿಗೆ ರಾಡ್ ಹಾಕಿದರು. ಇನ್ನೊಮ್ಮೆ ಬಿದ್ದರೆ ಈ ಕಾಲಿನ ಆಸೆ ಬಿಡಿ ಎಂದರು ಡಾಕ್ಟರು. ಅವ್ವ ಅಪ್ಪನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿ ಆಣೆ ಮಾಡಿಸಿದಳು: "ಓಡೂ ಗಾಡಿ ಹತ್ತಂಗಿಲ್ಲ, ಓಡೂ ಗಾಡಿ ಇಳಿಯಂಗಿಲ್ಲ ಅನ್ರಿ." ಅಪ್ಪ ಅಂದ. ಆದರೂ ಅವನು ಹೊರಗೆ ಹೋಗಿ ಬರುವವರೆಗೆ ನಮ್ಮಿಬ್ಬರ ಜೀವ ಕೈಯಲ್ಲೇ ಇರುತ್ತಿತ್ತು.

ಹಾಗಾಗಿ ಅವರಿಬ್ಬರನ್ನು ಎಲ್ಲಿಗಾದರೂ ಕರೆದೊಯ್ಯಬೇಕು ಎನಿಸಿದಾಗ ನಾನು ಬಹಳ ಯೋಚಿಸಿದೆ. ರೈಲು ಬೇಡ. ಬಸ್ಸಂತೂ ಬೇಡವೇ ಬೇಡ. ಅಪ್ಪ ನಡುವೆ ಹಾರಲಾಗದ ವಾಹನ ಯಾವುದು? ಹಡಗು! ಸುತ್ತಲೂ ನೀರು. ಎಲ್ಲಿಗೆ ಹಾರುತ್ತಾನೆ? ಓದಿದ ಮಗಳ ಬುದ್ಧಿ ನೋಡಿ.

ಮುಂಬಯಿ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಪ್ರವಾಸ. ಹತ್ತುವಾಗಲೇ ಅಪ್ಪ, ಪಾಸ್ ನೋಡುತ್ತಿದ್ದ ಹುಡುಗಿಯನ್ನು ಲೋಕಲ್ಲಿನ ಲೆಕ್ಕದಲ್ಲೇ ಕೇಳಿದ: "ಮೇಡಂ, ಯೇ ಫಾಸ್ಟ್ ಹೈ ಕಿ ಸ್ಲೋ?"

ಅವಳು ಪಾಪ, ನಕ್ಕು, "ಅಂಕಲ್, ಸೀದಾ ಲಕ್ಷದ್ವೀಪ. ಕಹೀಂ ನಹೀಂ ರುಕೇಗಾ," ಎಂದಳು. ನಡುವೆ ಎಲ್ಲೂ ನಿಲ್ಲುವುದಿಲ್ಲವಂತೆ.

ಅಪ್ಪ ನನ್ನ ಕಡೆ ತಿರುಗಿ ಸಮಾಧಾನದಿಂದ ಹೇಳಿದ: "ಫಾಸ್ಟ್ ಐತಿ."

ನಮ್ಮ ಕೋಣೆಗೆ ಹೋದರೆ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಹಂಸ. ಅವ್ವ "ಅಯ್ಯ ಶಿವನ, ಎಷ್ಟ್ ಛಂದ!" ಎಂದು ಬಾಯಿ ಮುಚ್ಚುವುದರೊಳಗೆ ಅಪ್ಪ ಅದರ ಕುತ್ತಿಗೆ ಬಿಚ್ಚಿದ್ದ. "ಯಾವನೋ ಕೆಲಸಗಳ್ಳ. ಮಡಚೂದು ಬಿಟ್ಟು ಬಾತುಕೋಳಿ ಮಾಡ್ಯಾನ," ಎಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಿಂದ ಒತ್ತಿ ಇಟ್ಟ. ಮರುದಿನ ಕೋಣೆ ಗುಡಿಸಲು ಬಂದವನು ಆನೆ ಮಾಡಿಟ್ಟು ಹೋದ. ಅವ್ವ ಅದರ ಮುಂದೆ ಕೈ ಅಡ್ಡ ಹಿಡಿದು ನಿಂತಳು: "ಆನಿ ಮುಟ್ಟಿದ್ರ ನೋಡ್ರಿ ಮತ್ತ!" ಆನೆ ಉಳಿಯಿತು. ಆದರೆ ಅಪ್ಪ ಆ ರಾತ್ರಿ ಮಲಗುವ ಮೊದಲು ಅದರ ಕಿವಿಗಳನ್ನಾದರೂ ನೇರ ಮಾಡದೆ ಬಿಡಲಿಲ್ಲ.

ಇನ್ನು ಲಿಫ್ಟು. ಏಳನೆಯ ಮಹಡಿಯಲ್ಲಿ ಇಳಿಯಬೇಕಾದರೆ ಐದರಲ್ಲೇ ಮುಂದಿದ್ದವರ ಬೆನ್ನು ತಟ್ಟಿ, "ಉತರ್ನಾ ಹೈ ಕ್ಯಾ?" ಇಳಿಯುವುದಿದೆಯೇ ಎಂದು ಕೇಳುತ್ತಿದ್ದ. ಒಬ್ಬ ಅಜ್ಜಿ ಗಾಬರಿಯಾಗಿ ನಿಜಕ್ಕೂ ಆರರಲ್ಲಿ ಇಳಿದುಬಿಟ್ಟಳು.

ಎಲ್ಲಕ್ಕಿಂತ ದೊಡ್ಡ ಗದ್ದಲ ದಸ್ತಿಯದು. ಊರಿಗೆ ಹೊರಟವರು ಅಂಗಿ ಕಟ್ಟಿಕೊಳ್ಳುತ್ತಾರೆ. ಅಪ್ಪ ಒಂದು ಡಜನ್ ದಸ್ತಿ ಕಟ್ಟಿಕೊಂಡಿದ್ದ. ಡೆಕ್ಕಿನ ಕುರ್ಚಿಗಳ ಮೇಲೆ, ಊಟದ ಕೋಣೆಯಲ್ಲಿ, ಜಾದೂ ನೋಡುವ ಸಭಾಂಗಣದಲ್ಲಿ, ಎಲ್ಲೆಲ್ಲೂ ಜೋಡಿ ದಸ್ತಿ. ಬೋರಿವಲಿಯ ಒಬ್ಬ ಶೇಟ್ ಅದರ ಮೇಲೇ ಕೂತುಬಿಟ್ಟಾಗ ದಸ್ತಿ ಕಾಣುವುದಿಲ್ಲವೇ ಎಂದು ಅಪ್ಪನ ಧ್ವನಿ ಏರಿತು: "ಭಾಯ್‌ಸಾಬ್, ರುಮಾಲ್ ದಿಖ್ತಾ ನಹೀಂ ಕ್ಯಾ?" ಆಶ್ಚರ್ಯವೆಂದರೆ ಶೇಟ್ ತಕ್ಷಣ ಎದ್ದು "ಸಾರಿ" ಎಂದ. ಅವನೂ ಲೋಕಲ್ಲಿನವನೇ ತಾನೆ! ಆದರೆ ಹಡಗಿನ ಸಿಬ್ಬಂದಿಗೆ ಈ ಶಾಸ್ತ್ರ ಎಲ್ಲಿಂದ ಗೊತ್ತು? ಯಾರೋ ಬಿಟ್ಟುಹೋದದ್ದು ಎಂದು ಎಲ್ಲವನ್ನೂ ಹೆಕ್ಕಿ, ಒಗೆದು, ಸಂಜೆ ಒಂದು ತಟ್ಟೆಯಲ್ಲಿಟ್ಟು ತಂದುಕೊಟ್ಟರು. ನಾನು ನಾಚಿಕೆಯಿಂದ ನೆಲ ನೋಡಿದೆ. ಅಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಇಸ್ತ್ರಿ ಪರವಾಗಿಲ್ಲ," ಎಂದ.

ಹೀಗೆ ಹಿಡಿದ ಕುರ್ಚಿಗಳಲ್ಲಿ ಇಬ್ಬರೂ ಕೂತು ಏನು ಮಾಡುತ್ತಿದ್ದರು? ಮಾತು. ಬೆಳಗಿನ ಚಹಾದಿಂದ ಊಟದವರೆಗೆ, ಊಟದಿಂದ ಸಂಜೆಯವರೆಗೆ, ಸಮುದ್ರದ ಕಡೆ ಮುಖ ಮಾಡಿಕೊಂಡು ಸಣ್ಣ ಧ್ವನಿಯಲ್ಲಿ ಮಾತು. ನಾನು ಹತ್ತಿರ ಹೋದರೆ ಸುಮ್ಮನಾಗಿ, "ಏನವ್ವಾ, ಹಸಿವಾತೇನು?" ಎನ್ನುತ್ತಿದ್ದರು. ಲೋಕಲ್ಲಿನಲ್ಲಿ ಮೂವರ ಸೀಟಿನ ಅಂಚಿಗೆ ಅಂಟಿಕೊಳ್ಳುವ ನಾಲ್ಕನೆಯವಳಂತೆ ಸ್ವಲ್ಪ ಹೊತ್ತು ಕೂತು ನಾನೇ ಎದ್ದುಬರುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಹಡಗು ದ್ವೀಪದಿಂದ ದೂರದಲ್ಲಿ ನಿಂತಿತು. ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಹಡಗಿನ ಪಕ್ಕೆಯಲ್ಲಿ, ನೀರಿಗೆ ತುಸು ಮೇಲೆ, ಒಂದು ಬಾಗಿಲು. ಇನ್ನೂ ಅರ್ಧ ಗಂಟೆ ಇರುವಾಗಲೇ ಅಪ್ಪ ಲೈಫ್ ಜಾಕೆಟ್ ತೊಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದ.

"ಯಪ್ಪಾ, ಹಿಂದ ಬಾ."

"ಇಳಿಯಾವ್ರು ಒಂದ್ ಸ್ಟೇಶನ್ ಮೊದಲ ಬಾಗಿಲಿಗೆ ಬರಬೇಕವ್ವಾ. ಇಷ್ಟ್ ವರ್ಷ ಮುಂಬೈದಾಗ ಇದ್ದು ಇದೂ ತಿಳೀಲಿಲ್ಲೇನು?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ದೋಣಿ ಹತ್ತಿರ ಬಂತು. ಹಿಂಬದಿಯಲ್ಲಷ್ಟೇ ತಾಡಪಾಲಿನ ನೆರಳು, ಉಳಿದದ್ದೆಲ್ಲ ಬಿಸಿಲು. ನೆರಳಿನಲ್ಲಿ ನಾಲ್ಕೈದು ಜನ ಕೂರಬಹುದು. ಅಪ್ಪ ಅದನ್ನು ನೋಡಿದ. ಅಪ್ಪನ ಕೈ ಕಿಸೆಗೆ ಹೋಯಿತು. ಆ ಕೈ ಕಿಸೆಗೆ ಹೋದದ್ದನ್ನು ನಾನು ನೋಡಿದೆ. ನೋಡಿಯೂ ನನಗೆ ಹೊಳೆಯಲಿಲ್ಲ.

"ಅಂಕಲ್, ರುಕೋ! ರಸ್ಸಿ ನಹೀಂ ಬಾಂಧಾ!" ಹಗ್ಗ ಇನ್ನೂ ಕಟ್ಟಿಲ್ಲವೆಂದು ದೋಣಿಯವನು ಕೂಗುವಾಗ ಅಪ್ಪ ಆಗಲೇ ಗಾಳಿಯಲ್ಲಿದ್ದ.

ಬಲಗಾಲು ದೋಣಿಯ ಅಂಚನ್ನು ಮುಟ್ಟಿತು. ಅಷ್ಟರಲ್ಲಿ ಅಲೆ ದೋಣಿಯನ್ನು ಆಚೆ ತಳ್ಳಿತು. ಮೊಣಕಾಲು ಮಡಚಿಕೊಂಡಿತು. ಅಪ್ಪ ಎರಡೂ ಕೈಯಿಂದ ದೋಣಿಯ ಸರಳು ಹಿಡಿದು ನೇತಾಡಿದ. ಕಾಲುಗಳು ಹಡಗಿಗೂ ದೋಣಿಗೂ ನಡುವಿನ ಸಂದಿಯಲ್ಲಿದ್ದವು. ಆಚೆ ಹೋದ ದೋಣಿ ಈಚೆ ಬರಲೇಬೇಕಲ್ಲ. ಈಚೆ ಇರುವುದು ಕಬ್ಬಿಣದ ಗೋಡೆ. ದೋಣಿಯವರಿಬ್ಬರು ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದರು. ಧಡ್ ಎಂದು ದೋಣಿ ಹಡಗಿಗೆ ಬಡಿಯಿತು. ಆಮೇಲೆ ಸಂದಿಯಿಂದ ಒಂದು ಚಪ್ಪಲಿ ಮೇಲೆ ತೇಲಿಬಂತು. ಅದರೊಳಗೆ ಕಾಲು ಇರಲಿಲ್ಲ.

ಅವ್ವ ಕಿರುಚಲಿಲ್ಲ. "ರೀ" ಎಂದಳು, ಒಂದೇ ಸಲ.

ಅಪ್ಪ ದೋಣಿಯ ತಳದಲ್ಲಿ ಅಂಗಾತ ಬಿದ್ದಿದ್ದ. ನಾವೆಲ್ಲ ನೋಡುತ್ತಿದ್ದಂತೆ ಬಿದ್ದಲ್ಲಿಂದಲೇ ಕೈ ಚಾಚಿ, ಮುಷ್ಟಿಯಲ್ಲಿದ್ದ ಒದ್ದೆ ದಸ್ತಿಯನ್ನು ನೆರಳಿನ ಸೀಟಿನ ಮೇಲೆ ಹಾಸಿದ!

ಹಗ್ಗ ಕಟ್ಟಿದ ಮೇಲೆ ಅವ್ವ ಇಬ್ಬರ ಕೈ ಹಿಡಿದು ಇಳಿದಳು. ದಸ್ತಿಯ ಮೇಲೆಯೇ ಕೂತಳು. "ಆಣಿ ಏನಾತು?" ಎಂದು ಕೇಳಿದಳು.

"ಅದು ಗಾಡೀದು," ಎಂದ ಅಪ್ಪ. "ಇದು ದೋಣಿ."

ಯಾರೂ ನಗಲಿಲ್ಲ. ಅಪ್ಪನ ಕೈ ಮೊಣಕಾಲನ್ನು ಹಿಡಿದುಕೊಂಡಿತ್ತು. ಅವ್ವ ಅದರ ಮೇಲೆ ತನ್ನ ಕೈ ಇಟ್ಟಳು.

ಇದಾಗಿ ತಿಂಗಳು ಕಳೆದಿದೆ. ನಾನು ಕೆಲಸ ಮಾಡುವುದೂ ಪರೇಲಿನಲ್ಲೇ. ದಿನಾ ಇಳಿಯುವಾಗ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಅಂತರ ನೋಡಿಕೊಳ್ಳಿ ಎಂಬ ಧ್ವನಿ ಕೇಳುತ್ತದೆ. ವರ್ಷಗಟ್ಟಲೆ ಕಿವಿಗೇ ಹಾಕಿಕೊಳ್ಳದ ಮಾತು. ಈಗ ಕಾಲು ನಿಂತುಬಿಡುತ್ತದೆ, ಹಿಂದಿನವರು ಬೈಯುತ್ತಾರೆ, ನಾನು ಕೆಳಗೆ ಚಪ್ಪಲಿ ಹುಡುಕುತ್ತೇನೆ.

ಆ ದಿನ ದಡದಲ್ಲಿ ಡಾಕ್ಟರು ಅಪ್ಪನ ಕಾಲು ನೋಡಿ, ಮೂಳೆಗೇನೂ ಆಗಿಲ್ಲ ಎಂದು ಪಟ್ಟಿ ಕಟ್ಟುತ್ತಿದ್ದಾಗ, ನನ್ನ ಭಯವೆಲ್ಲ ಅವ್ವನ ಮೇಲೆ ಸಿಟ್ಟಾಗಿ ಹರಿಯಿತು. "ಒಂದ್ ಸೀಟಿನ ಸಲುವಾಗಿ ಜೀವಾ ಕೊಡತಾರೇನವ್ವಾ? ಇಷ್ಟ್ ವರ್ಷ ನಿಂತಕೊಂಡು ಹೋಗಿದ್ರ ಏನಾಗತಿತ್ತು?"

"ನಿಂತ್ರ ಮಾತಾಡಾಕ ಆಗತಿದ್ದಿಲ್ಲ," ಎಂದಳು ಅವ್ವ.

ನನಗೆ ಅರ್ಥವಾಗಲಿಲ್ಲ.

"ನಾ ಮದುವಿ ಆಗಿ ಬಂದಾಗ ಚಾಳಿನ ಒಂದ ಖೋಲ್ಯಾಗ ಎಂಟು ಮಂದಿ. ನಿಮ್ಮ ಅಜ್ಜಿ, ಕಾಕಾಗೋಳು, ಊರಿಂದ ಬಂದವ್ರು. ಗಂಡಗ ಇನ್ನೊಂದ್ ರೊಟ್ಟಿ ಹಾಕಲೇನು ಅನ್ನಾಕೂ ನಾಚಿಕಿ. ಗಾಡ್ಯಾಗ ನಲವತ್ತು ನಿಮಿಷ ಸಿಗತಿತ್ತು. ಮಂದಿ ಇರತಿದ್ರು ಖರೆ, ಅವರಿಗೆ ನಮ್ಮ ಕನ್ನಡ ತಿಳೀತಿದ್ದಿಲ್ಲ. ನೀ ಹೊಟ್ಟ್ಯಾಗ ಅದಿ ಅಂತ ನಿಮ್ಮಪ್ಪಗ ಹೇಳಿದ್ದೂ ಗಾಡ್ಯಾಗನ. ಅಂಧೇರಿ ದಾಟಿದ ಮ್ಯಾಲ."

"ಅಪ್ಪ ಏನಂದ?"

"ಏನಂತಾರ? ಇಳಿಯೂ ಸ್ಟೇಶನ್ ಮರತ್ರು!" ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಚರ್ಚ್‌ಗೇಟ್ ತನಕಾ ಹೋದ್ವಿ. ಗಾಡಿ ನಿಂತು, ಮಂದಿಯೆಲ್ಲಾ ಇಳದು ಹೋದ್ರೂ ಕೂತ ಇದ್ದಿವಿ."

ಹಾಗಾದರೆ ಈ ಬರಹದ ಮೊದಲ ಸಾಲು ಸುಳ್ಳು. ಒಂದು ಸಲ ನಿಂತ ಗಾಡಿಯಿಂದ ಇಳಿದಿದ್ದಾನೆ.

ಐದನೆಯ ದಿನ ಹಡಗು ಮುಂಬಯಿ ಬಂದರಿಗೆ ಬಂತು. ಚೀಲ ಹೊತ್ತ ಜನ ಲಿಫ್ಟಿನ ಮುಂದೆ ಮುಗಿಬಿದ್ದಿದ್ದರು. ಬೋರಿವಲಿಯ ಶೇಟ್ ಎಲ್ಲರಿಗಿಂತ ಮುಂದಿದ್ದ. ಅಪ್ಪ ಬಾಗಿಲಲ್ಲಿರಲಿಲ್ಲ. ಓಡಿಹೋಗಿ ನೋಡಿದರೆ, ಡೆಕ್ಕಿನ ಅದೇ ಕುರ್ಚಿಯಲ್ಲಿ, ಪಟ್ಟಿ ಕಟ್ಟಿದ ಕಾಲಿಗೆ ಹಡಗಿನವರು ಕೊಟ್ಟ ಬಚ್ಚಲ ಚಪ್ಪಲಿ ಸಿಕ್ಕಿಸಿಕೊಂಡು, ಅವ್ವನ ಕಡೆ ತಲೆ ಬಾಗಿಸಿ ಕೂತಿದ್ದ.

"ಯಪ್ಪಾ, ಬಂತು. ಇಳಿಯೂಣೇನು?"

"ನಿಂದ್ರಲಿ ತಡಿಯವ್ವಾ."

"ನಿಂತೈತಿ. ಹಗ್ಗಾನೂ ಕಟ್ಟ್ಯಾರ."

"ಹಂಗಾರ ಇನ್ನೊಂದೀಟು ನಿಂದ್ರಲಿ. ನಿಮ್ಮವ್ವನ ಮಾತು ಮುಗದಿಲ್ಲ." ತಿರುಗದೆಯೇ ಪಕ್ಕದ ಕುರ್ಚಿಯತ್ತ ಕೈ ತೋರಿಸಿದ. "ನೀನೂ ಕೂಡು."

ಆ ಕುರ್ಚಿಯ ಮೇಲೆ ಒಂದು ದಸ್ತಿ ಹಾಸಿತ್ತು. ಎತ್ತಿಕೊಂಡು ಕೂತೆ. ನಾಲ್ಕು ಮಡಿಕೆ ನೇರವಾಗಿದ್ದರೂ ಉಪ್ಪುನೀರಿನ ಬಿಳಿ ಕಲೆ ಅದರಿಂದ ಇನ್ನೂ ಹೋಗಿರಲಿಲ್ಲ.