ಅರ್ಧ ಆಕ್ಸಿಲರೇಟರ್ ಮಾವ

ಚಿತ್ರದುರ್ಗ ಜಿಲ್ಲೆಯಲ್ಲಿ ಲಾರಿ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಲಾರಿಗೇ ಹೆದರುವ ಲಾರಿ ಡ್ರೈವರ್ ಇರುವುದು ಒಬ್ಬನೇ. ಅವನು ನನ್ನ ಸೋದರಮಾವ!

ಹೆದರುವುದು ಎಂದರೆ ಎಷ್ಟು ಅಂತೀರಿ? ಹೊಸದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತವಲ್ಲ, ಅವು ಕಂಡ ಕೂಡಲೇ ಮಾವ ಸ್ಟೇರಿಂಗಿನ ಮೇಲೆ ತಲೆ ಬಗ್ಗಿಸುತ್ತಾನೆ. "ಆ ರೆಕ್ಕೆ ಕಳಚ್ಕೊಂತು ಅಂತ ತಿಳ್ಕ. ಸೀದಾ ಎಲ್ಲಿಗೆ ಬರ್ತೈತೆ?" ಎಂದು ನನ್ನನ್ನೇ ಕೇಳುತ್ತಾನೆ. ಅಷ್ಟು ದೂರದಿಂದ ಹಾರಿ ಬಂದ ರೆಕ್ಕೆ, ತಲೆ ಬಗ್ಗಿಸಿದವನನ್ನು ಕಂಡು ಪಾಪ ಎಂದು ಹಿಂದಿರುಗುತ್ತದೆಯೇ? ಹಾಗೆ ಕೇಳಿದರೆ ಸಿಟ್ಟು.

ಕುರಿಮಂದೆ ಎದುರಾದರೆ ಎಂಜಿನ್ ಆರಿಸಿಬಿಡುತ್ತಾನೆ. ಒಮ್ಮೆ ಶ್ರೀರಾಂಪುರದ ಹತ್ತಿರ ಮಂದೆಯೆಲ್ಲ ದಾಟಿ ಧೂಳೂ ಅಡಗಿತ್ತು. ಮಾವ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಜ್ಜಾ, ಎಲ್ಲಾ ದಾಟಿದ್ವಾ? ಗಾಲಿ ಕೆಳಗೆ ಒಂದೂ ಇಲ್ಲ ತಾನೆ? ಬಂದು ಸ್ವಲ್ಪ ಬಗ್ಗಿ ನೋಡು" ಎಂದ.

ಕುರಿ ಕಾಯುವ ಅಜ್ಜ ಕಂಬಳಿ ಸರಿಮಾಡಿಕೊಳ್ಳುತ್ತಾ, "ಹೋಗಪ್ಪ ಮಾರಾಯ. ನನ್ ಕುರಿಗಳೇ ಹಿಂದಕ್ಕೆ ತಿರುಗಿ ನಿನ್ನ ನೋಡ್ತಾ ಅವೆ!" ಎಂದ.

ಇಂಥವನು ಲಾರಿಯನ್ನು ಹೇಗೆ ಓಡಿಸುತ್ತಾನೆ ಎಂದು ಬೇರೆ ಹೇಳಬೇಕೆ? ಆಕ್ಸಿಲರೇಟರ್ ಅರ್ಧಕ್ಕಿಂತ ಕೆಳಗೆ ಇಳಿದಿದ್ದನ್ನು ಕಂಡವರಿಲ್ಲ. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರುಗಳು ಕೂಡ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ.

ಕೆಲವು ತಿಂಗಳ ಹಿಂದೆ ಮಾವ ಹೊಸದೊಂದು ಭಯ ಹುಟ್ಟಿಸಿಕೊಂಡ. ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗ ಲಾರಿ ಇದ್ದಕ್ಕಿದ್ದಂತೆ ಉಸಿರು ಬಿಟ್ಟಿತಂತೆ. ಕಾಲು ಒತ್ತಿದರೂ ವೇಗವಿಲ್ಲ, ಎಂಜಿನ್ ಸುಮ್ಮನೆ ಗೊರಗೊರ ಅನ್ನುತ್ತಿದೆ, ಹಿಂದೆ ಬಸ್ಸೊಂದು ಬೊಬ್ಬೆ ಹೊಡೆಯುತ್ತಿದೆ. ಒಂದು ಗಳಿಗೆ ಬಿಟ್ಟು ಮತ್ತೆ ಸರಿಹೋಯಿತಂತೆ. ಮೆಕ್ಯಾನಿಕ್ಕುಗಳು ಹತ್ತಿ, ಪೆಡಲನ್ನು ತಳಕ್ಕೆ ಒತ್ತಿ, ಒಂದು ಸುತ್ತು ಹೊಡೆದು ಬಂದು, "ಗಾಡಿಗೇನೂ ಆಗಿಲ್ಲ ಯಜಮಾನ್ರೆ, ನಿಮ್ಗೇ ಏನೋ ಆಗೈತೆ" ಎಂದರು. ಡೀಸೆಲ್ ಫಿಲ್ಟರ್ ಬದಲಾಯಿತು. ಟ್ಯಾಂಕು ತೊಳೆದದ್ದಾಯಿತು. ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಹಳೆಯ ಚಪ್ಪಲಿ ಎಲ್ಲ ಬಂದವು. ಆದರೂ ಲಾರಿ ಮನಸ್ಸು ಬಂದಾಗ ಉಸಿರು ಬಿಡುತ್ತಲೇ ಇತ್ತು, ಅದೂ ಮಾವ ಒಬ್ಬನೇ ಇದ್ದಾಗ! ಗಾಳಿಯಂತ್ರಕ್ಕೆ ತಲೆ ಬಗ್ಗಿಸುವವನ ಮಾತನ್ನು ಯಾರು ನಂಬುತ್ತಾರೆ? "ಈ ಗಾಡಿ ಮಾರಿಬಿಡ್ತೀನಿ. ಇದು ಯಾವತ್ತಾದ್ರೂ ಯಾರನ್ನಾದ್ರೂ ತಿಂತೈತೆ" ಎಂದು ಅವನು ಹೇಳಿದಾಗ ಮನೆಯವರೆಲ್ಲ ನಕ್ಕರು.

ಅಷ್ಟರಲ್ಲಿ ನನಗೆ ಹೊಸದುರ್ಗದಿಂದ ಚಿತ್ರದುರ್ಗಕ್ಕೆ ವರ್ಗವಾಯಿತು. ಸಾಮಾನು ಸಾಗಿಸಲು ಮಾವನ ಲಾರಿ ಇದ್ದೇ ಇದೆಯಲ್ಲ! ಬೀರು, ಮಂಚ, ವಾಷಿಂಗ್ ಮಷಿನ್, ಅಮ್ಮನ ರುಬ್ಬುಗುಂಡು ಎಲ್ಲವನ್ನೂ ಏರಿಸಿದೆವು. ನಾನು ಕ್ಯಾಬಿನ್ನಿನಲ್ಲಿ ಕುಳಿತೆ. ಮಾವ ನನ್ನ ಕಡೆಯ ಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಿದ.

"ಇದ್ಯಾಕೆ ಮಾವ?"

"ತಿರುವಿನಾಗೆ ಬಾಗ್ಲು ತಕ್ಕೊಂಡು ನೀನು ಬಿದ್ಗಿದ್ದೀಯ."

ಹೊಳಲ್ಕೆರೆ ಕಡೆಗೆ ಬರುವಾಗ ಒಂದು ರೈಲ್ವೆ ಗೇಟು. ತೆರೆದೇ ಇತ್ತು. ಮಾವ ನಿಲ್ಲಿಸಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ನನಗೆ ನಗು ತಡೆಯಲಾಗಲಿಲ್ಲ. ನಿಧಾನಕ್ಕೆ ಹೊರಟೆವು. ಮುಂದಿನ ಗಾಲಿಗಳು ಹಳಿ ಏರಿದವು.

ಆಗ ಲಾರಿ ಉಸಿರು ಬಿಟ್ಟಿತು.

ನಾನು ಕಣ್ಣಾರೆ ಕಂಡೆ. ಮಾವನ ಕಾಲು ಪೆಡಲನ್ನು ಒತ್ತುತ್ತಿದೆ, ಎಂಜಿನ್ ಏನೂ ಕೇಳಿಸದವರಂತೆ ಗೊರಗೊರ ಅನ್ನುತ್ತಿದೆ. ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು. ಗೇಟಿನವನು ತನ್ನ ಗೂಡಿನಿಂದ ಓಡಿಬಂದು, "ಏ, ಎಳಿಯಪ್ಪ ಬೇಗ! ರೈಲು ಬರೋ ಹೊತ್ತಾತು, ಗೇಟ್ ಹಾಕ್ಬೇಕು!" ಎಂದು ಕೂಗಿದ. ನನ್ನ ನಗು ಎಲ್ಲಿ ಹೋಯಿತೋ! ಬಾಗಿಲಿಗೆ ಕೈಹಾಕಿದೆ. ಹಗ್ಗ! ಮಾವ ಹಾಕುವ ಗಂಟು ಬಿಚ್ಚಲು ಬರುವುದು ಮಾವನಿಗೆ ಮಾತ್ರ. ಹಳಿ ಮಿರಮಿರ ಮಿಂಚುತ್ತಾ ತಿರುವಿನಲ್ಲಿ ಮರೆಯಾಗುವ ಕಡೆಗೇ ನೋಡುತ್ತಾ ಕುಳಿತೆ. ಗಾಳಿಯ ಸದ್ದೂ ರೈಲಿನ ಸದ್ದಿನಂತೆ ಕೇಳಿಸಿತು.

ಮಾವನ ಬಾಯಿ ಮನೆದೇವರಿಂದ ಹಿಡಿದು ನೆಂಟರ ಮನೆಯ ದೇವರುಗಳವರೆಗೆ ಎಲ್ಲರನ್ನೂ ಕರೆಯುತ್ತಿತ್ತು. ಆದರೆ ಕೈ ಮಾತ್ರ ನಡುಗಲಿಲ್ಲ. ಲಾರಿಯನ್ನು ಮೊದಲ ಗೇರಿಗೆ ಹಾಕಿ, ಪೆಡಲಿನಿಂದ ಕಾಲು ತೆಗೆದು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಡೀಸೆಲ್ ಎಂಜಿನ್ ಅಲ್ಲವೇ, ಆಕ್ಸಿಲರೇಟರ್ ಇಲ್ಲದೆಯೂ ತೆವಳುತ್ತದೆ. ಹಿಂದಿನ ಗಾಲಿಗಳು ಒಂದೊಂದೇ ಹಳಿ ಹತ್ತಿ ಇಳಿದವು. ಬೀರು ಧಡಧಡ ಎಂದಿತು. ಆಚೆ ದಡ ಸೇರಿದೆವು. ಗೇಟು ಬಿತ್ತು. ತುಸು ಹೊತ್ತಿನಲ್ಲೇ ರೈಲೂ ಬಂದು, ನೆಲ ನಡುಗಿಸಿ ಹೋಯಿತು. ಮಾವ ಹಣೆಯನ್ನು ಸ್ಟೇರಿಂಗಿಗೆ ಒರಗಿಸಿ, "ಈಗ್ಲಾದ್ರೂ ನಂಬ್ತೀಯಾ?" ಎಂದ.

ಹಾಗೇ ತೆವಳುತ್ತಾ ಹೊಳಲ್ಕೆರೆಯ ಹೊರಗಿನ ಒಂದು ಗ್ಯಾರೇಜು ಮುಟ್ಟಿದೆವು. ಅಲ್ಲಿಯ ಮೆಕ್ಯಾನಿಕ್ ಮಾತಿನಮಲ್ಲ; ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲೇ ತನ್ನ ಸಣ್ಣ ಮಕ್ಕಳ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ. ಸ್ಕ್ಯಾನರಿನ ವೈರನ್ನು ಲಾರಿಗೆ ಸಿಕ್ಕಿಸಿ, "ಎಕ್ಸಲೇಟರ್ ಸೆನ್ಸಾರ್ ತೋರಿಸ್ತಾ ಐತೆ" ಎಂದ. ಪೆಡಲು ಎಷ್ಟು ಒತ್ತಿದೆ ಎಂದು ಎಂಜಿನ್ನಿಗೆ ಚಾಡಿ ಹೇಳುವ ಪುಟ್ಟ ಡಬ್ಬಿ ಅದು.

"ವೈರ್ ತುಂಡಾಗಿದ್ರೂ ಹಿಂಗೇ ತೋರಿಸ್ತೈತೆ, ಖಾತ್ರಿ ಮಾಡ್ಕಣಾಣ. ಮೇಡಂ, ನೀವು ಪೆಡಲ್ ಕೈಲಿ ಒತ್ರಿ. ನಿಧಾನಕ್ಕೆ, ನಿಮ್ ಮಾವ ಒತ್ತಿದಂಗೆ!" ಎಂದು ಅವನು ವೈರುಗಳನ್ನು ಅಲುಗಾಡಿಸಿ ನೋಡಿದ. ಅವು ಗಟ್ಟಿಯಾಗಿದ್ದವು. ಆಮೇಲೆ ಸೆನ್ಸರಿಗೆ ಮೀಟರ್ ಹಿಡಿದ. ನಾನು ಕೆಳಗೆ ಬಗ್ಗಿ ಒತ್ತುತ್ತಾ ಹೋದೆ. ಮೀಟರಿನ ಅಂಕಿ ಸರಾಗವಾಗಿ ಏರುತ್ತಾ ಬಂದು, ಪೆಡಲು ಅರ್ಧಕ್ಕೆ ಬಂದದ್ದೇ ತಡ, ಸೊನ್ನೆಗೆ ಬಿತ್ತು! ಇನ್ನೂ ಒತ್ತಿದರೆ ಮತ್ತೆ ಎದ್ದು ಏರಿತು.

ಮೆಕ್ಯಾನಿಕ್ ಮಾವನನ್ನು ಮೇಲಿಂದ ಕೆಳಗೆ ನೋಡಿದ. "ಯಜಮಾನ್ರೆ, ಇಷ್ಟು ವರ್ಷ ಕಾಲು ಒಂದೇ ಕಡೆ ಇಟ್ಕಂಡು ಓಡಿಸಿದ್ದೀರಾ?"

"ಹೂಂ. ಜಾಸ್ತಿ ಒತ್ತಾಕೆ ಭಯ."

"ಅದೇ ಜಾಗ ಸವೆದು ಹೋಗೈತೆ ನೋಡ್ರಿ! ಬೇರೆಯವ್ರು ತಳಕ್ಕೆ ಒತ್ತಿ ಓಡಿಸ್ತಾರೆ, ಅವ್ರಿಗೆ ಕಾಣಂಗಿಲ್ಲ."

ಭಯದಿಂದ ರೋಗ ಬರುತ್ತದೆ ಎಂದು ಕೇಳಿದ್ದೆ. ಓಡಿಸುವವನ ಭಯ ಲಾರಿಗೆ ರೋಗವಾಗಿ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಹೊಸ ಸೆನ್ಸರ್ ದುರ್ಗದಿಂದ ಬಸ್ಸಿನಲ್ಲಿ ಬಂತು. ಮೆಕ್ಯಾನಿಕ್ ಬ್ಯಾಟರಿ ವೈರ್ ಬಿಚ್ಚಿ, ಪೆಡಲಿನ ಬೋಲ್ಟು ಸಡಿಲಿಸಿ ಹಳೆಯದನ್ನು ಕಿತ್ತ. ಹೊಸದನ್ನು ಕೂರಿಸಿ ಪ್ಲಗ್ ಸಿಕ್ಕಿಸಿದ. ಮತ್ತೆ ಮೀಟರ್ ಹಿಡಿದು ನೋಡಿದೆವು. ಈ ಸಲ ಅಂಕಿ ಎಲ್ಲಿಯೂ ಎಡವಲಿಲ್ಲ. ಹಳದಿ ದೀಪವೂ ಆರಿತು.

"ಮುಗೀತು. ಇನ್ನು ಲೋಡ್ ಇಟ್ಕಂಡೇ ಆ ಎದುರಿನ ಏರು ಹತ್ತಿಸಿ ನೋಡ್ಬೇಕು ಅಷ್ಟೇ. ಕೊಡ್ರಿ, ನಾನೇ ಒಂದು ರೌಂಡ್ ಹೋಗಿ ಬರ್ತೀನಿ" ಎಂದು ಮೆಕ್ಯಾನಿಕ್ ಕೈಚಾಚಿದ. ನಾನೂ ಕ್ಯಾಬಿನ್ ಹತ್ತಲು ಹೋದೆ.

ಮಾವ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಬ್ಯಾಡಪ್ಪ. ನಿಂಗೆ ಮನ್ಯಾಗೆ ಸಣ್ಣ ಮಕ್ಳು ಅವೆ ಅಂದ್ಯಲ್ಲ" ಎಂದು ಅವನಿಗೆ ಹೇಳಿದ. ನನ್ನ ಕಡೆ ತಿರುಗಿ, "ನೀನೂ ಇಲ್ಲೇ ಕುಂತ್ಕಳವ್ವ. ಮೊದ್ಲು ನಾನೊಬ್ನೇ ನೋಡ್ಕೊಂಡು ಬರ್ತೀನಿ" ಎಂದ.

ಇಡೀ ಜಿಲ್ಲೆಗೆ ಹೆದರುವ ಮನುಷ್ಯ ಒಬ್ಬನೇ ಆ ಲಾರಿ ಹತ್ತಿದ. ಅದು ಏರು ಹತ್ತುತ್ತಾ ಹೋಗಿ ತಿರುವಿನಲ್ಲಿ ಮರೆಯಾಯಿತು. ಎಂಜಿನ್ ಸದ್ದು ಕೇಳುತ್ತಾ ನಿಂತೆ. ಸದ್ದು ತಗ್ಗಿದಾಗಲೆಲ್ಲ ನನ್ನ ಜೀವ ಬಾಯಿಗೆ ಬಂತು; ಆಮೇಲೆ ಏನೂ ಕೇಳಿಸಲಿಲ್ಲ. ಮೆಕ್ಯಾನಿಕ್ ಕೂಡ ಸ್ಪ್ಯಾನರ್ ಕೆಳಗಿಟ್ಟು ರಸ್ತೆಗೆ ಬಂದು ನಿಂತ. ಬಹಳ ಹೊತ್ತಿನ ಮೇಲೆ ಲಾರಿಯ ಮೂತಿ ತಿರುವಿನಲ್ಲಿ ಕಾಣಿಸಿತು.

ಮಾವ ಇಳಿದು ಬಂದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹೆಗಲ ಮೇಲಿನ ಟವೆಲಿನಿಂದ ನನ್ನ ಸೀಟು ಒರೆಸಿ, ಹತ್ತಿಸಲು ಕೈ ಕೊಟ್ಟ. "ಬಾರವ್ವ, ಚೆನ್ನಾಗೈತೆ. ಹೋಗಾಣ."

ಆ ಕೈ ಈಗ ನಡುಗುತ್ತಿತ್ತು. ಹತ್ತಿ ಕುಳಿತ ಮೇಲೂ ನಾನು ಅದನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.